ಹಗೇವಿಗೆ ಇಳಿಸದ ದೀಪ

ಅಮೋಘಸಿದ್ದಪ್ಪ ಕಟ್ಟಿದ ಬಚ್ಚಲಿನಲ್ಲಿ ನೀರು ನಿಲ್ಲುವುದಿಲ್ಲ ಎಂದು ನಮ್ಮ ಬೆಳುಂಕಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವನ ಊರು ಸೋನ್ಯಾಳ. ಕುರಿ ಕಾಯುವ ಮನೆತನ. ಹದಿನೆಂಟರ ವಯಸ್ಸಿಗೆ ಕುರಿ ಬಿಟ್ಟು ಪೈಪು ಹಿಡಿದವನು ಆಮೇಲೆ ಬೇರೆ ಕೆಲಸ ಮಾಡಲಿಲ್ಲ. ಬಚ್ಚಲಿನ ನೆಲ ಒಣಗಿದ ಮೇಲೆ ಜೇಬಿನಿಂದ ಒಂದು ಜೋಳದ ಕಾಳು ತೆಗೆದು ಮೂಲೆಯಲ್ಲಿಟ್ಟು, ಅರ್ಧ ತಂಬಿಗೆ ನೀರು ಬಿಡುತ್ತಿದ್ದ. ಕಾಳು ನೀರಿನ ಜೊತೆ ಉರುಳಿಕೊಂಡು ಹೋಗಿ ನೀರು ಹೊರಬೀಳುವ ಕಿಂಡಿಯ ಜಾಳಿಗೆ ಮುಟ್ಟಬೇಕು. ನಡುವೆ ನಿಂತರೆ ನೆಲ ಒಡೆದು ಮತ್ತೆ ಮಾಡುತ್ತಿದ್ದ. ಬಕೆಟ್ಟುಗಟ್ಟಲೆ ಸುರಿದು ನೋಡಲು ನಮ್ಮದೇನು ನದಿ ದಂಡೆಯೇ, ಟ್ಯಾಂಕರಿನ ದಾರಿ ಕಾಯುವ ಊರು.

ಅಂಥವನನ್ನು ನಾನು ಏನು ಮಾಡಿದೆ ಎಂಬುದನ್ನು ಬರೆಯಲು ಕೂತಿದ್ದೇನೆ.

ನನ್ನ ಮಗಳು ಉಮಾಶ್ರೀಗೆ ಮಿರಜಿನಲ್ಲಿ ಹೆರಿಗೆಯಾಗಿತ್ತು. ಬುಧವಾರ ಮನೆಗೆ ಕಳಿಸುತ್ತೇವೆ ಎಂದಿದ್ದರು ಡಾಕ್ಟರು. ಬಾಣಂತಿಗೆ ಗಾಳಿ ತಗಲಬಾರದು, ನೆಲಮಾಳಿಗೆಯಲ್ಲೇ ಇರಬೇಕು, ಅಲ್ಲೇ ಎರೆದುಕೊಳ್ಳಬೇಕು ಎಂದು ನನ್ನ ತಾಯಿ ಚನ್ನವ್ವ ಹಟ ಹಿಡಿದಳು. ನೂರು ವರ್ಷದ ಕಲ್ಲಿನ ಮನೆ ನಮ್ಮದು. ನಾನು ಹುಟ್ಟಿದ್ದೂ ಆ ನೆಲಮಾಳಿಗೆಯಲ್ಲೇ. ಬಿಸಿನೀರನ್ನು ಕೆಳಗೆ ಹೊತ್ತೊಯ್ಯಬಹುದು, ಮಿಂದ ನೀರು ಎಲ್ಲಿಗೆ ಹೋಗಬೇಕು? ಅಮೋಘಸಿದ್ದಪ್ಪನಿಗೆ ಹೇಳಿ ಕಳಿಸಿದೆ.

ಜೊತೆಗಾರ ತಮ್ಮಣ್ಣನನ್ನು ಕರೆದುಕೊಂಡು ಸೋಮವಾರ ಬಂದ. ನೀರು ತುಂಬಿದ ನಳಿಗೆ ಹಿಡಿದು ನೆಲದ ಮಟ್ಟ ಅಳೆದು ನೋಡಿ ಆಗುವುದಿಲ್ಲವೆಂದು ತಲೆಯಾಡಿಸಿದ.

"ಗುರೂಜಿ, ಓಣ್ಯಾಗಿನ ಗಟಾರ ಮ್ಯಾಲೈತಿ, ನಿಮ್ಮ ನೆಲ ಎರಡೂವರಿ ಫೂಟ ಕೆಳಗೈತಿ. ನೀರ ಮ್ಯಾಲ ಹತ್ತಂಗಿಲ್ರಿ. ಹಿತ್ತಲ ಕೋಲ್ಯಾಗ ಬಚ್ಚಲಾ ಮಾಡೂನು. ಕಿಡಕಿಗಿ ಕಂಬಳಿ ಕಟ್ಟಿದ್ರ ಗಾಳಿ ಎಲ್ಲಿಂದ ಬರ್ತೈತ್ರಿ?"

ಅಷ್ಟು ಕೇಳಿದ್ದರೆ ಸಾಕಿತ್ತು. ಆದರೆ ಅವ್ವನಿಗೆ ಆಗಲೇ ಹಗೇವು ನೆನಪಾಗಬೇಕೇ! ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ ಅದು. ನೆಲಮಾಳಿಗೆಯ ಮೂಲೆಯಲ್ಲಿ ಚಪ್ಪಡಿ ಮುಚ್ಚಿಕೊಂಡು ಬಿದ್ದಿತ್ತು. ಬಾಯಿ ತೆರೆದು ನಲವತ್ತು ವರ್ಷವಾಗಿತ್ತು. ಒಳಗಿನ ಕೊಳೆತ ಹುಲ್ಲು ತೆಗೆದು ಕಲ್ಲು ತುಂಬಿದರೆ ಬಚ್ಚಲಿನ ನೀರು ಅಲ್ಲೇ ಇಂಗಿಹೋಗುತ್ತದೆ ಎಂದೆ. ಅಮೋಘಸಿದ್ದಪ್ಪ ಚಪ್ಪಡಿಯನ್ನು ತಟ್ಟಿ ನೋಡಿ, ಆಗಬಹುದು ಎಂದ.

ಮಂಗಳವಾರ ಮಧ್ಯಾಹ್ನ ಚಪ್ಪಡಿ ಎತ್ತಿದರು. ಹುಳಿ ವಾಸನೆ ಬಂತು. ಬಾಯಿ ಎಷ್ಟು ಕಿರಿದೆಂದರೆ ಒಬ್ಬ ಮನುಷ್ಯ ಭುಜ ಮುದುಡಿಕೊಂಡು ಇಳಿಯಬೇಕು. ಒಳಗೆ ಒಂದೂವರೆ ಆಳು ಆಳ.

"ಇವತ್ತೊಂದಿನ ಬಾಯಿ ತೆರದ ಬಿಡೂನ್ರಿ," ಎಂದ ಅಮೋಘಸಿದ್ದಪ್ಪ. "ನಾಳಿ ದೀಪ ಇಳಿಸಿ ನೋಡಿ ಇಳಿತೀನಿ."

"ನಾಳಿ ಬಾಣಂತಿ ಮನ್ಯಾಗಿರ್ತಾಳೋ ಮಾರಾಯಾ. ಇವತ್ತ ಮುಗಿಸು."

ಮೇಲಿನಿಂದ ಅವ್ವ ಕೂಗಿದಳು: "ದೀಪ ಇಳಸ್ರೋ! ದೀಪ ಆರಿದ್ರ ಯಾರೂ ಇಳಿಬ್ಯಾಡ್ರಿ!"

ರೇಷನ್ನಿನ ಸೀಮೆಎಣ್ಣೆ ನಿಂತ ಮೇಲೆ ಕಂದೀಲು ಅಟ್ಟ ಸೇರಿತ್ತು. ದೇವರ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಅದನ್ನು ತರಬಾರದೆಂಬ ಮಡಿಯೇನೂ ನನಗಿರಲಿಲ್ಲ, ಹನ್ನೆರಡು ಮೆಟ್ಟಿಲು ಹತ್ತಲು ಬೇಸರ, ಅಷ್ಟೇ. ನನ್ನ ಮೊಬೈಲಿನ ಟಾರ್ಚು ಹಚ್ಚಿ, ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಬಿಟ್ಟೆ. ತಳ ಕಂಡಿತು, ಕಪ್ಪಾದ ಹುಲ್ಲು ಕಂಡಿತು. ಬೆಳಕು ಆರಲಿಲ್ಲ.

"ನೋಡು, ಆರೀತೇನು?" ಎಂದೆ.

ಅವನು ಬೆಳಕು ನೋಡಿದ, ನನ್ನ ಮುಖ ನೋಡಿದ. "ಗುರೂಜಿ ಹೇಳಿದ ಮ್ಯಾಲ ಮುಗೀತ ಬಿಡ್ರಿ," ಎಂದು ಸೊಂಟಕ್ಕೆ ಹಗ್ಗ ಕಟ್ಟಿಕೊಂಡ.

ನಾನು ಏಳನೆಯ ತರಗತಿಗೆ ವಿಜ್ಞಾನ ಕಲಿಸುವ ಮಾಸ್ತರ. ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಕವುಚಿ, ಗಾಳಿ ಕೆಟ್ಟರೆ ಬೆಂಕಿ ಆರುತ್ತದೆ ಎಂದು ಇಪ್ಪತ್ತೆರಡು ವರ್ಷ ಮಕ್ಕಳಿಗೆ ತೋರಿಸಿದ್ದೇನೆ. ಮೊಬೈಲಿಗೆ ಗಾಳಿ ಯಾಕೆ ಬೇಕು? ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು.

ಅವನು ಇಳಿದ. "ಹುಲ್ಲ ಭಾಳ ಕೊಳತೈತ್ರಿ," ಎಂದ ಮಾತು ಕೇಳಿಸಿತು. ಆಮೇಲೆ ಏನೂ ಇಲ್ಲ. ತಮ್ಮಣ್ಣ ಕರೆದ. ಮತ್ತೆ ಕರೆದ. ಇಣುಕಿದರೆ ಅಮೋಘಸಿದ್ದಪ್ಪ ಗೋಡೆಗೊರಗಿ ಕುಸಿದಿದ್ದ, ಬಾಯಿ ತೆರೆದಿತ್ತು.

ನಾನು ಕಾಲು ಒಳಗೆ ಬಿಟ್ಟುಬಿಟ್ಟಿದ್ದೆ. ತಮ್ಮಣ್ಣ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಸೆದ. "ನೀವೂ ಸಾಯ್ತೀರೇನ್ರಿ? ಹಗ್ಗಾ ಜಗ್ರಿ!"

ಜಗ್ಗಿದೆವು. ಭಾರವೆಂದರೆ ಭಾರ. ಮೇಲೆ ಬಂದವನ ಭುಜ ಹಗೇವಿನ ಬಾಯಿಗೆ ಸಿಕ್ಕಿಕೊಂಡಿತು. ಎಚ್ಚರವಿದ್ದರೆ ಭುಜ ಮುದುಡುತ್ತಿದ್ದ, ಎಚ್ಚರವೆಲ್ಲಿತ್ತು? ಜಗ್ಗಿದಷ್ಟೂ ಬಿಗಿಯಿತು. ಅವನ ತಲೆಗೂದಲು ನನ್ನ ಕಣ್ಣೆದುರಿಗೇ ಇತ್ತು, ಮುಖ ಮಾತ್ರ ಆ ಕೆಟ್ಟ ಗಾಳಿಯೊಳಗೆ. ದೇವರೇ ದೇವರೇ ಎಂದು ನಾನು ಅಳತೊಡಗಿದೆ. ತಮ್ಮಣ್ಣ ಬೋರಲು ಮಲಗಿ, ಉಸಿರು ಬಿಗಿಹಿಡಿದು ತಲೆಯನ್ನೇ ಒಳಗೆ ತುರುಕಿ, ಅವನ ಒಂದು ತೋಳನ್ನು ಎಳೆದು ಮೇಲೆತ್ತಿದ. ಆಗ ದೇಹ ವಾರೆಯಾಗಿ ಹೊರಗೆ ಬಂತು. ತುಟಿಗಳು ನೀಲಿಯಾಗಿದ್ದವು.

ಅವನನ್ನು ತಮ್ಮಣ್ಣನ ಜೊತೆ ಜೀಪಿನಲ್ಲಿ ಹಾಕಿ ಆಸ್ಪತ್ರೆಗೆ ಕಳಿಸಿ, ಬಿಟ್ಟುಬಂದಿದ್ದ ಟವೆಲ್ಲಿಗೆಂದು ಕೆಳಗೆ ಹೋದೆ. ಹಗೇವಿನೊಳಗೆ ನನ್ನ ಮೊಬೈಲು ಇನ್ನೂ ಬೆಳಗುತ್ತಿತ್ತು.

ನಾನು ಆಸ್ಪತ್ರೆ ಮುಟ್ಟಿದ ಮೇಲೆ ಅವನ ಹೆಂಡತಿ ಕಾಳವ್ವ ಬಂದಳು. ಅಳಲಿಲ್ಲ, ನನ್ನ ಎದುರಿಗೆ ನಿಂತು ಒಂದೇ ಮಾತು ಕೇಳಿದಳು: "ದೀಪ ಇಳಿಸಿದ್ರಿಲ್ರೀ ಗುರೂಜಿ?"

"ಇಳಿಸಿದ್ವಿ," ಎಂದೆ.

ತಮ್ಮಣ್ಣ ನೆಲ ನೋಡಿದ. ಐದನೆಯ ದಿನ ಅಮೋಘಸಿದ್ದಪ್ಪ ಕಣ್ಣು ಬಿಟ್ಟಾಗ ಕಾಳವ್ವ ಅವನನ್ನೂ ಅದನ್ನೇ ಕೇಳಿದಳು. ಅವನು ನನ್ನ ಕಡೆ ನೋಡಿದ.

"ಇಳಿಸಿದ್ವಿ," ಎಂದ, ನಾಲಗೆ ಎಳೆದುಕೊಳ್ಳುತ್ತ. "ಚಲೋ... ಉರೀತಿತ್ತು."

ಕಾಳವ್ವ ಬಾಗಿ ನನ್ನ ಕಾಲು ಮುಟ್ಟಿದಳು. ಗುರೂಜಿ ಇದ್ದರೆಂದು ಗಂಡ ಉಳಿದನಂತೆ. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ.

ತಮ್ಮಣ್ಣ ಹಗೇವಿಗೆ ಮಣ್ಣು ತುಂಬಿದ. ಹಿತ್ತಲ ಕೋಣೆಯಲ್ಲಿ ಬಚ್ಚಲು ಕಟ್ಟಿ ಕಿಟಕಿಗೆ ಕಂಬಳಿ ಕಟ್ಟಿದ. ಅಮೋಘಸಿದ್ದಪ್ಪ ಮೊದಲ ದಿನವೇ ಹೇಳಿದ್ದು ಅದನ್ನೇ. ಉಮಾಶ್ರೀ, ಕೂಸು ಇಬ್ಬರೂ ಚೆನ್ನಾಗಿದ್ದಾರೆ, ಯಾವ ಗಾಳಿಯೂ ತಗಲಲಿಲ್ಲ.

ಹೋದ ತಿಂಗಳು ಸೋನ್ಯಾಳಕ್ಕೆ ಹೋಗಿದ್ದೆ. ಅಂಗಳದಲ್ಲಿ ಕಾಳವ್ವ ಜೋಳ ಹಸನು ಮಾಡುತ್ತಿದ್ದಳು, ಅವನು ಪಕ್ಕದಲ್ಲಿ ಕೂತಿದ್ದ. ಮೊರದಿಂದ ಒಂದು ಕಾಳು ಎತ್ತಲು ಹೋದ. ಬೆರಳು ನಡುಗಿ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ನನ್ನನ್ನು ನೋಡಿ ನಕ್ಕ. "ಕುಂದರ್ರಿ ಗುರೂಜಿ, ಚಾ ಕುಡೀರಿ," ಎಂದ.

ಕಾಳವ್ವನಿಗೆ ಓದಲು ಬರುವುದಿಲ್ಲ. ಇದನ್ನು ಬರೆಯುವ ಧೈರ್ಯ ಅದಕ್ಕೇ ಬಂದಿದೆಯೋ ಏನೋ. ಈ ಭಾನುವಾರ ಹೋಗಿ ಅವಳ ಎದುರಿಗೆ ಕೂತು ಓದಿ ಹೇಳಬೇಕು. ಹೋದ ಭಾನುವಾರವೂ ಹೀಗೆಯೇ ಅಂದುಕೊಂಡಿದ್ದೆ.