ಕುಸುಮಾ ಎಂದು ಕರೆದರೆ

ಮೊನ್ನೆ ಅಂಕೋಲೆಯ ಔಷಧದಂಗಡಿಯಿಂದ ಒಂದು ಸಿರಪ್ಪಿನ ಬಾಟಲಿ ತಂದೆ. ಕಾರಣ ಹೇಳಿದರೆ ನಗುತ್ತೀರಿ: ಹೊಟ್ಟೆ ಕಟ್ಟಿತ್ತು. ಐವತ್ತು ದಾಟಿದ ಮೇಲೆ ಯಾವ ಮಾತು ಶುರುವಾದರೂ ಹೊಟ್ಟೆಯ ವಿಷಯಕ್ಕೇ ಬಂದು ನಿಲ್ಲುತ್ತದೆ, ನನ್ನದೂ ಹಾಗೇ. ಮುಚ್ಚಳದಲ್ಲಿ ಅಳೆದು ಬಾಯಿಗೆ ಹಾಕಿಕೊಂಡೆ. ಅಯ್ಯಬ್ಬ, ಎಂಥ ಸಿಹಿ! ಆ ಸಿಹಿಯ ಜೊತೆಗೇ ತೋಡೂರತ್ತೆ ನೆನಪಾದಳು.

ತೋಡೂರತ್ತೆ ಅಂದರೆ ಅಪ್ಪನ ತಂಗಿ. ತೋಡೂರಿಗೆ ಕೊಟ್ಟಿದ್ದರಿಂದ ನಮಗೆಲ್ಲ ಹಾಗೇ ರೂಢಿ. ಹುಟ್ಟುಹೆಸರು ಕುಸುಮಾ. ಮದುವೆಯ ದಿನ ಹುಡುಗಿಗೆ ಹೊಸ ಹೆಸರಿಡುವ ಪದ್ಧತಿ ನಮ್ಮ ಕಡೆ ಇತ್ತಲ್ಲ, ಹಾಗೆ ಲಕ್ಷ್ಮಿಯಾದಳು. ಹಳೆಯ ಹೆಸರು ಹಿಡಿದು ಕರೆಯುತ್ತಿದ್ದವನು ನನ್ನಪ್ಪ ಒಬ್ಬನೇ. ಅವನು ತೀರಿಕೊಂಡ ಮೇಲೆ ಅವಳನ್ನು ಕುಸುಮಾ ಎನ್ನುವವರೇ ಇರಲಿಲ್ಲ. ಮಾವನಂತೂ ಯಾವ ಹೆಸರಿನಿಂದಲೂ ಕರೆದವನಲ್ಲ. ಬೈತಖೋಲ ಬಂದರಿನಲ್ಲಿ ಲೋಡಿಂಗ್ ಮೇಸ್ತ್ರಿ. ಅಲ್ಲಿ ಕೂಗಿ ಕೂಗಿ, ಮನೆಗೆ ಬರುವಷ್ಟರಲ್ಲಿ ಅವನ ಮಾತೆಲ್ಲ ಖರ್ಚಾಗಿರುತ್ತಿತ್ತು. ಹೆಂಡತಿಗೆ ಒಂದು "ಹೋಯ್". ಅಷ್ಟರಲ್ಲೇ ಸಂಸಾರ ನಡೆಯಿತು.

ಹೆಂಡ ಮುಟ್ಟದ ಆ ಮನುಷ್ಯನ ಲಿವರನ್ನು ಹಳೆಯ ಕಾಮಾಲೆಯೊಂದು ಒಳಗೊಳಗೇ ತಿಂದಿತ್ತು. ಅದು ನಮಗೆ ತಿಳಿದದ್ದು ಅವನ ತಲೆ ಕೆಟ್ಟಾಗ. ಹಗಲೆಲ್ಲ ನಿದ್ದೆ, ಅಂಗಿಯ ಗುಂಡಿ ಅಡ್ಡಾದಿಡ್ಡಿ. ಒಂದು ದಿನ ಟಿವಿ ರಿಮೋಟನ್ನು ಕಿವಿಗೆ ಹಿಡಿದು, ಲಾರಿ ಯಾಕೆ ಬರಲಿಲ್ಲವೆಂದು ಬೈಯುತ್ತ ಕೂತಿದ್ದ. "ವಯಸ್ಸಾದ್ಮೇಲೆ ಕುಡಿಯೂಕೆ ಶುರು ಮಾಡ್ದ" ಅಂತ ಕೇರಿಯವರು ಆಡಿಕೊಂಡರು. ರಿಮೋಟು ಹಿಡಿದು ಕೂತಿದ್ದ ಅದೇ ಮಧ್ಯಾಹ್ನ ಅವನು ಮೆತ್ತಗೆ ಕರೆದ: "ಕುಸುಮಾ, ಇಲ್ಲಿ ಬಾ. ನಿಂದು ಊಟ ಆಯ್ತಾ?"

ಅತ್ತೆ ಒಲೆಯ ಮೇಲಿನ ಸಾರು ಮರೆತು ಪಕ್ಕದಲ್ಲಿ ಕೂತಳಂತೆ.

ಕಾರವಾರದ ಡಾಕ್ಟರು ಬಿಡಿಸಿ ಹೇಳಿದರು. ಕರುಳಿನಲ್ಲಿ ಅಮೋನಿಯ ಹುಟ್ಟುತ್ತದೆ, ಲಿವರ್ ಅದನ್ನು ತೊಳೆಯಬೇಕು. ಲಿವರ್ ಸೋತರೆ ಅದು ರಕ್ತದಲ್ಲಿ ಮೆದುಳಿಗೆ ಏರಿ ಅಲ್ಲಿಯ ವ್ಯವಹಾರವನ್ನೆಲ್ಲ ಕಲಕುತ್ತದೆ. ದಿನವೂ ಹೊಟ್ಟೆ ಸಾಫಾಗಬೇಕು, ಅದಕ್ಕೇ ಈ ಸಿಹಿ ಸಿರಪ್ಪು, ಮೊನ್ನೆ ನಾನು ತಂದದ್ದೂ ಇದೇ. ತಡವಾದರೆ ಎಚ್ಚರ ತಪ್ಪಬಹುದು, ಜೀವಕ್ಕೂ ಅಪಾಯ. ಪರೀಕ್ಷೆಯೂ ಹೇಳಿಕೊಟ್ಟರು: ಬಸ್ಸು ನಿಲ್ಲಿಸುವ ಹಾಗೆ ಎರಡೂ ಕೈ ಚಾಚಿಸಿ, ಅಂಗೈ ಪಟಪಟ ಬಿದ್ದು ಏಳುತ್ತಿದ್ದರೆ ಏರಿದೆ ಎಂದರ್ಥ.

ಅತ್ತೆಗೆ ಆ ಪರೀಕ್ಷೆ ಬೇಕಾಗಲಿಲ್ಲ. ಅವನು ಕುಸುಮಾ ಎಂದರೆ ಏರಿದೆ, ಹೋಯ್ ಎಂದರೆ ಇಳಿದಿದೆ.

ಒಮ್ಮೆ ಹಿತ್ತಿಲಲ್ಲಿ ಬಂಗಡೆ ಮೀನು ಕೊಯ್ಯುತ್ತ ಕೇಳಿದಳು: "ಅವ್ರು ಹಾಗೆ ಕರ್ದಾಗ, ಮದ್ದು ಒಂದ್ ಗಳಿಗೆ ತಡ ಮಾಡ್ವ ಅನ್ಸ್ತದೆ ಮಗಾ. ಪಾಪ ಅಲ್ದಾ? ಕರಿಯೂದು ಅವ್ರಾ, ಆ ಅಮೋನಿಯನಾ?"

ತಡ ಮಾತ್ರ ಅವಳು ಎಂದೂ ಮಾಡಲಿಲ್ಲ. ತನ್ನ ಹೆಸರು ಕಿವಿಗೆ ಬಿದ್ದ ಕೂಡಲೇ ಎದ್ದು, ಆ ಹೆಸರನ್ನು ಅಳಿಸುವ ಔಷಧ ತಾನೇ ಕುಡಿಸುತ್ತಿದ್ದಳು.

ಮುಂದಿನ ಸಲ ನಾನು ಹೋದಾಗ ಜಗಲಿಯಿಂದ ಕೂಗು ಬಂತು: "ಕುಸುಮಾ!"

ಅತ್ತೆ ಬಾಟಲಿ ಹಿಡಿದು ಓಡಿದಳು, ಹಿಂದೆ ನಾನು. ಮಾವ ನೆಟ್ಟಗೆ ಕೂತಿದ್ದ. ಕೇಳುವ ಮೊದಲೇ ಎರಡೂ ಕೈ ಚಾಚಿದ. ಒಂದಿಷ್ಟೂ ಅಲುಗಲಿಲ್ಲ.

"ತಲೆ ಸಮಾ ಅದೆ. ಅವತ್ತು ಹಿತ್ತಿಲಲ್ಲಿ ನೀನು ಇವಳ ಹತ್ರ ಹೇಳಿದ್ದು ಕೇಳ್ದೆ. ಸಮಾ ಇದ್ದಾಗ ಕರೀಬಾರ್ದಾ?"

ಅತ್ತೆಗೆ ಸಿಟ್ಟು ಬಂತೋ ಅಳು ಬಂತೋ. "ಹಾಗಾರೆ ಏರಿದ್ದು ನಂಗೆ ತಿಳಿಯೂದು ಹ್ಯಾಂಗೆ?" ಅಂದಳು.

"ಕೈ ನೋಡು."

ಅಂದಿನಿಂದ ಹೋಯ್ ನಿಂತಿತು. ಪ್ರತಿ ಸಲ ಕರೆದಾಗಲೂ ಅವನು ಕೈ ಚಾಚುವುದು, ಅವಳು ಅಂಗೈಗೆ ಅಂಗೈ ತಾಗಿಸಿ ನೋಡುವುದು. ನೋಡಲು ಅಷ್ಟು ಹೊತ್ತು ಬೇಕಿರಲಿಲ್ಲ ಬಿಡಿ.

ಮಾವ ಹೋಗಿ ವರ್ಷವಾಗುತ್ತ ಬಂತು. ಮೊನ್ನೆ ಬಾಯಲ್ಲಿ ಸಿಹಿ ಇನ್ನೂ ಇದ್ದಾಗಲೇ ಅತ್ತೆಗೆ ಫೋನ್ ಹಚ್ಚಿದೆ. ಎಂದಿನಂತೆ ತೋಡೂರತ್ತೆ ಎನ್ನಲು ಹೊರಟವಳು, ಯಾಕೋ, "ಕುಸುಮತ್ತೇ" ಅಂದೆ.

ಆಚೆಯಿಂದ ದನಿ ಬಂತು: "ನಿಂಗೆಂತ ಆಯ್ತೇ ಮಗಾ? ಕೈ ಚಾಚು ನೋಡ್ವ."

ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಕೈ ಚಾಚಿದೆ.