ಮೂಲದಲ್ಲಿ ಇಲ್ಲದ ಹೆಸರು

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಮೂವತ್ತು ವರ್ಷದಿಂದ ಪುತ್ತೂರಿನಲ್ಲಿ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಿದ್ದೇನೆ. ಯಾರ ಧರ್ಮಗ್ರಂಥವಾದರೂ ನನ್ನ ಮೇಜಿಗೆ ಬಂದರೆ ಕಾಗದ, ನೂಲು, ಅಂಟು ಅಷ್ಟೆ.

ಅದರಲ್ಲೂ ಬೈಬಲ್ ಬೆಳೆದು ಬಂದ ಬಗೆಯನ್ನು ಓದಿಕೊಂಡು ಸ್ವಲ್ಪ ಜಂಬ ಬಂದಿತ್ತು. ಬರೆದವರ ಕೈಯ ಮೂಲಪ್ರತಿ ಒಂದೂ ಉಳಿದಿಲ್ಲ. ಇರುವುದೆಲ್ಲ ನಕಲಿನ ನಕಲು. ಬರೆಯುವವನ ಕಣ್ಣು ಜಾರಿದರೆ ಒಂದು ಸಾಲು ಬಿಟ್ಟುಹೋಗುತ್ತದೆ. ಯಾರೋ ಅಂಚಿನಲ್ಲಿ ಗೀಚಿದ ಮಾತು ಮುಂದಿನವನ ಕೈಯಲ್ಲಿ ಒಳಗೇ ಸೇರಿಕೊಳ್ಳುತ್ತದೆ. ತಪ್ಪು ಮೂಲದಿಂದ ನಕಲಿಗೆ ಇಳಿಯಬಹುದು, ನಕಲಿನಿಂದ ಮೂಲಕ್ಕೆ ಎಂದೂ ಹತ್ತುವುದಿಲ್ಲ. ಅಂಗಡಿಗೆ ಬಂದವರಿಗೆಲ್ಲ ಇದನ್ನೇ ಕೊರೆಯುತ್ತಿದ್ದೆ.

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಇಚಿಲಂಪಾಡಿಯ ಏಲಿಯಮ್ಮ ಎಂಬ ಹಿರಿಯರು ತಮ್ಮ ಮನೆಯ ಮಲಯಾಳಂ ಬೈಬಲ್ ತಂದರು. ರಬ್ಬರ್ ಹಾಕಲು ಕೇರಳದಿಂದ ಬಂದು ನೆಲೆಸಿದ ಕುಟುಂಬ. ಆ ಮನೆಯಲ್ಲಿ ತೀರಿಕೊಂಡವರ ಹೆಸರನ್ನು ಬೈಬಲ್ಲಿನ ಮೊದಲ ಖಾಲಿ ಹಾಳೆಯಲ್ಲಿ ಬರೆದಿಡುವ ಕ್ರಮ. ಒಟ್ಟು ಒಂಬತ್ತು ಹೆಸರು. ಏಳನೆಯದು, ಎಂಟನೆಯದು ಅವರ ಗಂಡ ಬರೆದದ್ದು, ಉದ್ದಕ್ಕೆ ಬಾಲ ಎಳೆದ ದುಂಡು ಅಕ್ಷರ. ಒಂಬತ್ತನೆಯದು ಆ ಗಂಡನದೇ ಹೆಸರು, ಏಲಿಯಮ್ಮನ ನಡುಗುವ ಕೈಯಲ್ಲಿ.

ಹಾಳೆ ಹುಡಿಯಾಗುತ್ತಿತ್ತು. ಹೊಸ ಹಾಳೆಗೆ ನಕಲು ಮಾಡಿಕೊಡಲು ಕೇಳಿದರು. ನನಗೆ ಮಲಯಾಳಂ ಓದಲು, ಬರೆಯಲು ಬರುತ್ತದೆ. ಪುಸ್ತಕ ಬಿಟ್ಟುಹೋಗಲು ಮನಸ್ಸಾಗದೆ ಅವರು ಎದುರಿನ ಸ್ಟೂಲಿನಲ್ಲೇ ಕುಳಿತು, ನನ್ನನ್ನು ಮೋನೆ, ಅಂದರೆ ಮಗನೇ, ಎಂದು ಕರೆಯುತ್ತ, ಗಲ್ಫಿನಲ್ಲಿದ್ದ ಒಬ್ಬನೇ ಮಗ ತೋಮಸ್‌ಕುಟ್ಟಿಯ ಸುದ್ದಿ ಹೇಳುತ್ತಿದ್ದರು. ಬರೆದು ಕೊಟ್ಟೆ. ಬೆರಳಿಟ್ಟು ಓದಿದರು. ಕೊನೆಯಲ್ಲಿ ಬೆರಳು ನಿಂತಿತು.

“ಇವ ಸತ್ತಿಲ್ಲ ಮೋನೆ. ಬೆಳಿಗ್ಗೆ ಫೋನ್ ಮಾಡಿದ್ದ.”

ಹತ್ತನೆಯ ಹೆಸರು. ನನ್ನದೇ ಅಕ್ಷರದಲ್ಲಿ, ತೋಮಸ್‌ಕುಟ್ಟಿ.

“ಕಿವಿಗೆ ಬಿದ್ದದ್ದು ಕೈಗೆ ಬಂದಿದೆ ಅಮ್ಮಚ್ಚಿ, ಬೇರೆ ಎಂತ ಇಲ್ಲ” ಎಂದು ಹಾಳೆ ಹರಿದುಹಾಕಿದೆ.

“ಈ ಪುಸ್ತಕಕ್ಕೆ ಬರೆದದ್ದು ಹರಿದರೆ ಹೋಗ್ತದಾ?” ಎಂದು ಕೇಳಿದರು.

ಮತ್ತೆ ಬರೆದೆ. ಈ ಸಲ ಒಂಬತ್ತೇ. ಅವರು ಮೂರು ಸಲ ಎಣಿಸಿದರು. ಹಳೆಯ ಹಾಳೆಯನ್ನು ನಾನೂ ಎಣಿಸಿದೆ, ಒಂಬತ್ತು. ಹಳೆಯದನ್ನು ಎಸೆಯುವ ಅಭ್ಯಾಸ ನನಗಿಲ್ಲ. ಹಿಂದಿನ ರಟ್ಟಿನ ಒಳಗೆ ಕಾಗದದ ಜೇಬು ಮಾಡಿ, ಅದರಲ್ಲಿಟ್ಟು, ಬಾಯಿಗೆ ಅಂಟು ಹಚ್ಚಿ ಮುಚ್ಚಿದೆ. ಆ ಹತ್ತನೆಯ ಹೆಸರಿನ ವಿಷಯ ಮಗನಿಗೆ ಹೇಳಬಾರದೆಂದು ಮಾತು ತೆಗೆದುಕೊಂಡು ಅವರು ಬಸ್ಸು ಹತ್ತಿದರು.

ಈ ವರ್ಷ ಏಲಿಯಮ್ಮ ತೀರಿಕೊಂಡರು. ಗಲ್ಫ್ ಬಿಟ್ಟು ಬಂದಿದ್ದ ತೋಮಸ್‌ಕುಟ್ಟಿ ಅದೇ ಬೈಬಲ್ ಹಿಡಿದು ಬಂದ. ಗಟ್ಟಿಮುಟ್ಟಾದ, ನಗುಮುಖದ ಮನುಷ್ಯ. ಅವನನ್ನು ಕಂಡು ಎದೆಯ ಭಾರ ಇಳಿದಂತಾಯಿತು.

“ಅಮ್ಮನ ಹೆಸರು ಬರೀಬೇಕಣ್ಣ. ಮತ್ತೆ ಹಳೇ ಕಾಗದ ಒಳಗೆ ಉಂಟಂತ ಅಮ್ಮ ಹೇಳಿದ್ರು, ಒಮ್ಮೆ ತೋರಿಸಿ. ಅಪ್ಪನ ಅಕ್ಷರ ನೋಡ್ಬೇಕು.”

ಆರು ವರ್ಷದ ಹಿಂದೆ ನಾನು ಹಚ್ಚಿದ ಅಂಟು ಹಾಗೇ ಇತ್ತು. ಚೂರಿಯಿಂದ ಬಿಡಿಸಿ ಹಾಳೆಯನ್ನು ಅರ್ಧ ಎಳೆದೆ. ಏಲಿಯಮ್ಮನ ಕೈಬರಹದ ಕೆಳಗೆ ಇನ್ನೊಂದು ಸಾಲಿತ್ತು. ಶಾಯಿ ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು. ದುಂಡು ಅಕ್ಷರ, ಉದ್ದದ ಬಾಲ. ಸತ್ತ ಮನುಷ್ಯ ತನ್ನ ಹೆಸರಿನ ಕೆಳಗೆ ಮಗನ ಹೆಸರು ಬರೆದಿದ್ದ.

ಹಾಳೆಯನ್ನು ಒಳಗೆ ತಳ್ಳಿದೆ. “ಪೂರಾ ಹುಡಿಯಾಗಿದೆ ಮಾರಾಯ್ರೆ, ಈಗ ತೆಗೆದರೆ ಕೈಗೆ ಎಂತ ಸಿಕ್ಕುದಿಲ್ಲ. ನಿಧಾನ ತೆಗೀತೇನೆ” ಎಂದು ಸುಳ್ಳು ಹೇಳಿದೆ.

“ಅವಸರ ಇಲ್ಲ” ಎಂದು ನಕ್ಕು ಹೋದ.

ಅಂದಿನಿಂದ ಪ್ರತಿ ಶನಿವಾರ ಬೆಳಿಗ್ಗೆ ಅವನ ಫೋನ್. “ಆಯ್ತಾ ಅಣ್ಣ?” ಇಲ್ಲ, ಬರುವ ವಾರ ಎನ್ನುತ್ತೇನೆ. ಆ ದನಿ ಕೇಳಿದ ಮೇಲೆಯೇ ಆ ದಿನ ನನಗೆ ಚಹಾ ರುಚಿಸುವುದು. ನಕಲಿನ ತಪ್ಪು ಮೂಲಕ್ಕೆ ಹತ್ತಿತೋ, ಅಥವಾ ಅವತ್ತು ನಾನು ಬರೆದದ್ದು ತಪ್ಪೇ ಅಲ್ಲವೋ, ನನಗೆ ತಿಳಿಯದು. ಬೈಬಲ್ ಇನ್ನೂ ನನ್ನ ಕಪಾಟಿನಲ್ಲಿದೆ.

ಕಳೆದ ಶನಿವಾರ ಫೋನ್ ಬರಲಿಲ್ಲ. ಅವನ ನಂಬರ್ ನನ್ನ ಹತ್ತಿರ ಇದೆ. ಇವತ್ತು ಬುಧವಾರ. ನಾನಿನ್ನೂ ಮಾಡಿಲ್ಲ.