ಸೋಮವಾರದ ಮೋಟಾರು

ಮೋಟಾರಿನಿಂದ ಇಳಿದಾಗ ನಮ್ಮ ಮಾವನವರ ಮುಖದಲ್ಲಿ ಕಣ್ಣಿನ ಸುತ್ತ ಎರಡು ಬಟ್ಟಲಿನಷ್ಟು ಜಾಗ ಮಾತ್ರ ಅವರ ಸ್ವಂತ ಬಣ್ಣದ್ದಾಗಿರುತ್ತಿತ್ತು. ಉಳಿದದ್ದೆಲ್ಲ ಧೂಳು. ಹಣೆಯ ವಿಭೂತಿ, ಮೀಸೆ, ಕಿವಿಯ ಕೂದಲು ಎಲ್ಲ ಒಂದಾಗಿರುತ್ತಿದ್ದವು. ಧೂಳಿನ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ, ತಮ್ಮ ಮುಖ ಹಾಗೇ ಬಿಟ್ಟು, ಮೊದಲು ಮೋಟಾರಿನ ಮುಖ ತೊಳೆಯುತ್ತಿದ್ದರು. ನಿಲಂಗಾದ ತವರಿನಿಂದ ಹೊಸದಾಗಿ ಬಂದ ಸೊಸೆ ನಾನು. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ.

ವಲಾಂಡಿಯ ಸುತ್ತಲ ಹಳ್ಳಿಗಳಲ್ಲಿ ಆಗ ಇನ್ನೊಂದು ಮೋಟಾರು ಇರಲಿಲ್ಲ. ಮಾವನವರು ನಮ್ಮೂರ ಪಾಟೀಲರು, ಜೋಳ ತೊಗರಿ ಬೆಳೆಯುವ ಒಕ್ಕಲು. ಹೈದರಾಬಾದಿಗೆ ಕೋರ್ಟಿನ ಕೆಲಸಕ್ಕೆ ಹೋದವರು, ನವಾಬರೊಬ್ಬರು ಬೇಸತ್ತು ಮಾರಲಿಟ್ಟಿದ್ದ ವಿಲಾಯತಿ ಗಾಡಿಯನ್ನು ಕೊಂಡು, ನಡೆಸುವುದನ್ನೂ ಅಲ್ಲೇ ಕಲಿತು ಬಂದರು. ಇಬ್ಬರೇ ಕೂಡುವ, ಓಟದ ಷೋಕಿಗೆಂದೇ ಮಾಡಿದ ಗಾಡಿ. ಮೇಲಿನ ಟಪ್ಪಾ ಹಿಂದಕ್ಕೆ ಮಡಚಿದರೆ ತಲೆಯ ಮೇಲೆ ಬರೀ ಆಕಾಶ. ಪಾಟೀಲರಿಗೆ ನವಾಬಗಿರಿ ಬಡಿಯಿತೆಂದು ಊರು ಆಡಿಕೊಂಡಿತು. ಸ್ವಲ್ಪ ಬಡಿದಿತ್ತು, ಸುಳ್ಳೇಕೆ ಹೇಳಲಿ. ಆದರೆ ತಂದದ್ದು ಅತ್ತೆಯ ಕಣ್ಣಿಗಾಗಿ.

ಅತ್ತೆಗೆ ಆ ವರ್ಷ ಕಣ್ಣು ಮಂಜಾಗತೊಡಗಿತ್ತು. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಅನ್ನುತ್ತಿದ್ದರು. ನೋವು ಎದ್ದರೆ ಹಣೆಯನ್ನು ಗೋಡೆಗೆ ಒತ್ತಿ ಕೂಡುತ್ತಿದ್ದರು. ಕಣ್ಣಿನ ಡಾಕ್ಟರು ಬೀದರಿನಿಂದ ಉದಗೀರಕ್ಕೆ ಬರುತ್ತಿದ್ದದ್ದು ಸೋಮವಾರ ಮಾತ್ರ. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಸುತ್ತಲಿನ ಹಳ್ಳಿಗಳಿಗೂ ಹೋಗಿ ಈ ನೇಮ ಬಿಗಿ ಮಾಡಿದವರು ಮಾವನವರೇ.

"ರವಿವಾರ ಬಂಡಿ ಹೂಡ್ರಿ. ಉದಗೀರದ ಮಠದಾಗ ವಸ್ತಿ ಮಾಡಿ, ಮಂಗಳವಾರ ಬರೂನು," ಎಂದು ಅತ್ತೆಯೇ ಹೇಳಿದ್ದರು.

"ಬಂಡ್ಯಾಗ ಒಂದೊಂದು ಕಲ್ಲಿಗೂ ನಿನ್ನ ಕಣ್ಣಾಗ ಸೂಜಿ ಚುಚ್ಚತದ, ನಾ ನೋಡೀನಿಲ್ಲೇನು?" ಅಂದರು ಮಾವ. "ಮೋಟಾರದಾಗ ಹೂವಿನಂಗ ಕುಂತು ಹೋಗು. ಮುಂಜಾನಿ ಹೋಗಿ ಸಂಜಿಕಿ ಬರೂನು. ಮೋಟಾರಕ ಯಾ ಸೋಮಾರ?"

ಮೋಟಾರಿಗೂ ಸೋಮವಾರ ಇತ್ತು. ಉಳಿದ ದಿನ ಹೊಲದ ದಾರಿಯಲ್ಲಿ ಗುರುಗುಟ್ಟುತ್ತ ಓಡಿದ್ದು, ಸೋಮವಾರ ಅತ್ತೆ ಲಿಂಗಪೂಜೆ ಮುಗಿಸಿ ಇಳಕಲ್ ಸೀರೆ ಉಟ್ಟು ಬಂದು ನಿಂತರೆ ಮೊಂಡು ಎತ್ತಿನ ಹಾಗೆ ಮಲಗಿಬಿಡುತ್ತಿತ್ತು. ಒಂದು ವಾರ ಟ್ಯೂಬಿಗೆ ಜಾಲಿಮುಳ್ಳು. ಇನ್ನೊಂದು ವಾರ ಪೆಟ್ರೋಲಿನ ನಳಿಗೆಯಲ್ಲಿ ಎರೆಮಣ್ಣಿನ ಧೂಳು. ಬಿಸಿಲು ಏರಿದರೆ ಇಂಜಿನ್ನು ತಂಪಿಡಲು ಮುಂಭಾಗದಲ್ಲಿ ತುಂಬಿದ ನೀರು ಕುದಿದು ಅನ್ನದ ಗಡಿಗೆಯಂತೆ ಉಕ್ಕುತ್ತಿತ್ತು. ಟಪ್ಪಾದ ಬಟ್ಟೆಯನ್ನು ಇಲಿ ಕಡಿದವು, ಅದರ ಕಬ್ಬಿಣದ ತೋಳು ಅರ್ಧಕ್ಕೆ ಸಿಕ್ಕಿಕೊಂಡು ಮುಚ್ಚಲಿಕ್ಕೂ ಬಾರದು, ತೆರೆಯಲಿಕ್ಕೂ ಬಾರದು. ಹೈದರಾಬಾದಿನಿಂದ ಬರುತ್ತಿದ್ದ ಮಿಸ್ತ್ರಿ ಬಾಯಲ್ಲಿ "ವಿಲಾಯತಿ ಮಾಲು, ಪಾಟೀಲ್ ಸಾಬ್" ಎಂಬ ಮಾತು ಬಂತೆಂದರೆ ನಮ್ಮದೊಂದು ಹೊಲ ಹೋಯಿತೆಂದೇ ತಿಳಿಯಬೇಕು. ಊರವರು ಹೋದ ಹೊಲಗಳಿಗೆ ಹೊಸ ಹೆಸರಿಟ್ಟರು. ಹುಣಸೆಮರದ ಹೊಲ ಟಾಯರ ಹೊಲವಾಯಿತು, ಹಳ್ಳದ ಪಟ್ಟಿ ಟಪ್ಪಾಪಟ್ಟಿಯಾಯಿತು. ಇವತ್ತಿಗೂ ಹಾಗೇ ಕರೆಯುತ್ತಾರೆ.

"ನನ್ನ ಸವತಿ ಎದ್ದಾಳೇನ್ರಿ ಇವತ್ತ?" ಎಂದು ಅತ್ತೆ ಒಳಗಿನಿಂದ ಕೇಳುತ್ತಿದ್ದರು.

"ದುರುಸ್ತ ಆಗತದ. ಅದು ದುರುಸ್ತ ಆಯ್ತಂದ್ರ ನಿನ್ನ ಕಣ್ಣೂ ದುರುಸ್ತ," ಎಂದು ಮಾವ ಮೋಟಾರಿನ ಅಡಿಯಿಂದ ಉತ್ತರ ಕೊಡುತ್ತಿದ್ದರು. ಹೊರಗೆ ಕಾಣುತ್ತಿದ್ದದ್ದು ಅವರ ಕಾಲು ಮಾತ್ರ. ನನಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅತ್ತೆ ಅಕ್ಕಿಯ ಕಲ್ಲನ್ನು ಬೆರಳಿನಿಂದ ತಡವಿ ತೆಗೆಯುವುದನ್ನು ಕಂಡೆ. ನಗು ನಿಂತಿತು.

ಒಂದು ಸೋಮವಾರ ಹೇಗೋ ಹೊರಟರು. ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ಮಾವನವರು ಹತ್ತಿರದ ಹಳ್ಳಿಗೆ ನಡೆದುಹೋಗಿ, ಒಬ್ಬ ರೈತನಲ್ಲಿ ಗಾಡಿ ಎಳೆಯಲು ಒಂದು ಜೋಡಿ ಎತ್ತು ಕೇಳಿದರಂತೆ. ಆ ರೈತ ಕೈಮುಗಿದು, "ಸೋಮಾರ ನೊಗಾ ಇಡಬ್ಯಾಡಂತ ನೀವೇ ಹೇಳೀರಿ ಪಾಟೀಲ್ರ. ನನ್ನ ಕೈಲೆ ಆಗೂದಿಲ್ರಿ," ಅಂದನಂತೆ. ಅವನು ಕುಚೋದ್ಯ ಮಾಡಲಿಲ್ಲ, ಅವನ ಕಣ್ಣಲ್ಲೇ ನೀರಿತ್ತು ಎಂದು ಮಾವನವರು ಆಮೇಲೆ ಹೇಳಿದರು. ಅತ್ತೆಯ ಕೈ ಹಿಡಿದು ನಡೆಸಿಕೊಂಡೇ ಮನೆಗೆ ಬಂದರು.

ಮುಂದೆ ಮ್ಯಾಗ್ನೆಟೋ ಸತ್ತಿತು. ಕಿಡಿ ಹುಟ್ಟಿಸುವ ಭಾಗ ಅದು, ಅದಿಲ್ಲದೆ ಮೋಟಾರು ಬರೀ ತಗಡು. ಹೊಸದು ಬೊಂಬಾಯಿಗೆ ಹಡಗಿನಲ್ಲಿ ಬರಬೇಕಿತ್ತು. ಕಾಯುತ್ತ ಕೂತರು. ರವಿವಾರಗಳು ಬಂದವು, ಹೋದವು. ಇವತ್ತಾದರೂ ಬಂಡಿ ಹೂಡಿ ಎಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅತ್ತೆಯೂ ಹೇಳುವುದನ್ನು ಬಿಟ್ಟಿದ್ದರು. ಗಂಡ ಅಷ್ಟು ಆಸೆಯಿಂದ ಕಾಯುವಾಗ ಹೇಗೆ ಹೇಳುತ್ತಾರೆ?

ಕೊನೆಗೊಂದು ಸೋಮವಾರ ಬೆಳಿಗ್ಗೆ ಅತ್ತೆ ನೋವಿಗೆ ವಾಂತಿ ಮಾಡಿಕೊಂಡು ಅಂಗಳದಲ್ಲಿ ಬಿದ್ದರು. ಮಾವನವರು ಕೊಟ್ಟಿಗೆಗೆ ಹೋದರು. ಎರಡೂ ಎತ್ತಿನ ಕಾಲಿಗೆ ಹಣೆ ಹಚ್ಚಿದರು. ಆಮೇಲೆ ತಾವೇ ನೊಗ ಎತ್ತಿ ಇಟ್ಟರು. ಆಳುಗಳು ಮುಖ ತಿರುಗಿಸಿ ನಿಂತಿದ್ದರು. ಬಂಡಿಯಲ್ಲಿ ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು.

ಡಾಕ್ಟರು ಎರಡೂ ಕಣ್ಣು ಅಗಲಿಸಿ ನೋಡಿದರು. "ಬಹುತ್ ದೇರ್ ಕರ್ ದಿಯೇ, ಪಾಟೀಲ್ ಸಾಬ್," ತೀರ ತಡಮಾಡಿದಿರಿ ಎಂದರು. ನೋವಿಗೆ ಕೊಟ್ಟ ಔಷಧ ತೆಗೆದುಕೊಂಡು ಬಂದೆವು.

ಮ್ಯಾಗ್ನೆಟೋ ಬಂದಾಗ ಅತ್ತೆಗೆ ಹಗಲು ರಾತ್ರಿಯ ವ್ಯತ್ಯಾಸವೂ ತಿಳಿಯುತ್ತಿರಲಿಲ್ಲ. ಮಿಸ್ತ್ರಿ ಅದನ್ನು ಕೂಡಿಸಿ ಹಿಡಿ ತಿರುವಿದ. ಒಂದೇ ಸಲಕ್ಕೆ ಎದ್ದಿತು. ಅತ್ತೆಯೇ ಹಟ ಹಿಡಿದು ಹತ್ತಿ ಕೂತರು. ಉದಗೀರದವರೆಗೆ ಹೋಗಿ ಬಂದರು, ಎಲ್ಲಿಯೂ ನಿಲ್ಲಲಿಲ್ಲ. ಇಳಿದವರೇ ನನ್ನ ಕೈ ಹುಡುಕಿ ಹಿಡಿದು, "ಛಲೋ ಓಡ್ಲತ್ತದವ್ವ, ಒಂದು ಕಲ್ಲೂ ತಾಕಲಿಲ್ಲ," ಅಂದರು. ಮಾವನವರು ಇಳಿಯಲೇ ಇಲ್ಲ. ಚಕ್ರ ಹಿಡಿದುಕೊಂಡು ಕತ್ತಲಾಗುವವರೆಗೆ ಅಲ್ಲೇ ಕೂತಿದ್ದರು. ನನಗೆ ಆ ಮೋಟಾರಿಗೆ ಬೆಂಕಿ ಹಚ್ಚಬೇಕೆನ್ನಿಸಿತು.

ಅದು ಮತ್ತೆ ಕೆಡಲಿಲ್ಲ. ಕೆಟ್ಟಿದ್ದರೆ ಅವರಿಗೆ ಏನಾದರೂ ಕೆಲಸವಾದರೂ ಇರುತ್ತಿತ್ತು. ಅತ್ತೆಯ ಹಣೆಗೆ ವಿಭೂತಿ ಹಚ್ಚುವುದು, ಬಚ್ಚಲಿಗೆ ಕೈ ಹಿಡಿದು ಕರೆದೊಯ್ಯುವುದು, ಇಷ್ಟನ್ನೇ ಮಾಡುತ್ತ ಸವೆದುಹೋದರು. ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಕರೆದರು. ಅಲ್ಲಿಯವರೆಗೆ ನನ್ನೊಡನೆ ನೇರವಾಗಿ ಮಾತಾಡಿದವರಲ್ಲ.

"ಯವ್ವಾ, ಖರೇ ಹೇಳು. ರವಿವಾರ ಬಂಡಿ ಹೂಡಿದ್ರ ಆಕಿ ಕಣ್ಣು ಉಳೀತಿದ್ವೇನು?"

"ಇಲ್ರಿ ಮಾವ, ಉಳೀತಿದ್ದಿಲ್ರಿ," ಅಂದೆ.

ಒಳಮನೆಯಲ್ಲಿ ಕೂತಿದ್ದ ಅತ್ತೆ ಅಲ್ಲಿಂದಲೇ, "ಇಲ್ರೀ, ಉಳೀತಿದ್ದಿಲ್ಲ," ಅಂದರು.

ಮಾವನವರು ನನ್ನ ಮುಖ ನೋಡಿದರು, ಆಮೇಲೆ ಒಳಮನೆಯ ಬಾಗಿಲು ನೋಡಿದರು. ನಮ್ಮಿಬ್ಬರ ಮಾತನ್ನೂ ಅವರು ನಂಬಲಿಲ್ಲ. ನಂಬದೆಯೇ ಹೋದರು.